ಲೋಕಾಪವಾದದ ವ್ಯಾಕರಣ

ವಿಭಾಗದ ಸ್ಮರಣ ಸಂಪುಟಕ್ಕೆ ಲೇಖನವೊಂದು ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಹಳಗನ್ನಡ ಕಾವ್ಯಕ್ಕೆ ಸಂಬಂಧಿಸಿದ ಏನನ್ನಾದರೂ ಬರೆಯುವುದಾಗಿ ಒಪ್ಪಿಕೊಂಡಿದ್ದೆ. ಆದರೆ ಬರೆಯಲು ಕುಳಿತಾಗ ಮನಸ್ಸಿಗೆ ಬಂದದ್ದು ಕಾವ್ಯವಲ್ಲ, ಒಂದು ಸರದಿಯ ಸಾಲು. 2021ರ ಜುಲೈ ತಿಂಗಳ ಕೊನೆಯ ವಾರ. ಮುಲುಂಡ್ ಪಶ್ಚಿಮದ ಲಸಿಕಾ ಕೇಂದ್ರವೊಂದರಲ್ಲಿ ಎರಡನೆಯ ಡೋಸಿಗಾಗಿ ನಿಂತಿದ್ದೆ. ಲೋಕಲ್ ರೈಲು ಸಾಮಾನ್ಯ ಪ್ರಯಾಣಿಕರಿಗೆ ಇನ್ನೂ ತೆರೆದಿರಲಿಲ್ಲ. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ನನ್ನ ಮುಂದೆ ನಿಂತಿದ್ದ ಇಬ್ಬರು ಮಹಿಳೆಯರು ನಮ್ಮ ಕರಾವಳಿಯ ಕಡೆಯವರೆಂಬುದು ಅವರ ತುಳು ಬೆರೆತ ಕನ್ನಡದಿಂದಲೇ ತಿಳಿಯುತ್ತಿತ್ತು. ಅದೇ ತಿಂಗಳ 19ರಂದು ಉದ್ಯಮಿ ರಾಜ್ ಕುಂದ್ರಾ ಅವರನ್ನು ಮುಂಬಯಿ ಪೊಲೀಸರು ಅಶ್ಲೀಲ ಚಿತ್ರಗಳ ನಿರ್ಮಾಣ ಮತ್ತು ಪ್ರಸಾರದ ಆರೋಪದ ಮೇಲೆ ಬಂಧಿಸಿದ್ದರು. ಅವರ ಪತ್ನಿ ನಟಿ ಶಿಲ್ಪಾ ಶೆಟ್ಟಿ. ಮಾತು ಸಹಜವಾಗಿಯೇ ಅತ್ತ ತಿರುಗಿತ್ತು.

“ಪಾಪ, ನಮ್ಮ ಹುಡುಗಿಗೆ ಹೀಗಾಗಬಾರದಿತ್ತು” ಎಂದರು ಹಿರಿಯಾಕೆ.

“ಎಂತ ಪಾಪ ಅಕ್ಕ? ಮನೆಯೊಳಗೇ ಇದ್ದವಳಿಗೆ ಗೊತ್ತಿಲ್ಲದೆ ಇರ್ತದಾ?” ಎಂದರು ಕಿರಿಯಾಕೆ.

ಈ ವಾಕ್ಯವನ್ನು ಮನೆಗೆ ಬಂದು ಕಾಗದದ ಮೇಲೆ ಬರೆದು ನೋಡಿದೆ. ವ್ಯಾಕರಣ ಪಾಠ ಮಾಡುವವರಿಗೆ ಅಂಟಿದ ಚಾಳಿ ಅದು. ರೂಪದಲ್ಲಿ ಇದು ಪ್ರಶ್ನೆ, ಆದರೆ ಉತ್ತರವನ್ನು ನಿರೀಕ್ಷಿಸದ ಪ್ರಶ್ನೆ. ‘ಗೊತ್ತಿಲ್ಲದೆ’ ಎಂಬಲ್ಲಿ ಒಂದು ನಿಷೇಧವಿದೆ. ‘ಇರ್ತದಾ’ ಎಂಬ ಪ್ರಶ್ನೆಯ ಧಾಟಿಯಲ್ಲಿ ಇನ್ನೊಂದು ನಿಷೇಧ ಅಡಗಿದೆ. ಎರಡೂ ಕೂಡಿ ಖಂಡಿತವಾದ ವಿಧಿಯೊಂದು ಸಿದ್ಧವಾಗುತ್ತದೆ. ‘ಅವಳಿಗೆ ಗೊತ್ತಿತ್ತು’ ಎಂದು ನೇರವಾಗಿ ಹೇಳಿದ್ದರೆ ‘ನಿಮಗೆ ಹೇಗೆ ಗೊತ್ತು?’ ಎಂದು ಯಾರಾದರೂ ಕೇಳಬಹುದಾಗಿತ್ತು. ಪ್ರಶ್ನೆಯ ವೇಷ ತೊಟ್ಟ ತೀರ್ಪಿಗೆ ಆ ಭಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಬಂಧನಕ್ಕೊಳಗಾದ ಗಂಡ ಈ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಕರ್ತೃವಾಗಿ ಇಲ್ಲ, ಕರ್ಮವಾಗಿಯೂ ಇಲ್ಲ. ಇರುವುದು ಹೆಂಡತಿ ಮಾತ್ರ, ಅದೂ ಚತುರ್ಥಿ ವಿಭಕ್ತಿಯಲ್ಲಿ.

ಸಿನಿಮಾ ತಾರೆಯರ ಸಂಸಾರದ ಹಗರಣ ವಿಶ್ವವಿದ್ಯಾನಿಲಯದ ಸಂಪುಟಕ್ಕೆ ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಸೀತಾಪರಿತ್ಯಾಗವನ್ನು ಪಠ್ಯವಾಗಿ ಓದಿಸುತ್ತ ಬಂದಿರುವ ನಾವು ಹಾಗೆ ಹುಬ್ಬೇರಿಸುವಂತಿಲ್ಲ. ರಾಜಮನೆತನದ ದಂಪತಿಗಳನ್ನು ಕುರಿತು ಪ್ರಜೆಗಳು ಏನೆಂದರು, ಆ ಮಾತಿನ ಭಾರವನ್ನು ಯಾರು ಹೊತ್ತರು ಎಂಬುದೇ ಅಲ್ಲಿನ ವಸ್ತು. ಅರಮನೆಯ ಸ್ಥಾನದಲ್ಲಿ ಇಂದು ಬೆಳ್ಳಿತೆರೆ ಬಂದಿದೆ, ಅಷ್ಟೇ.

ಶಿಲ್ಪಾ ಶೆಟ್ಟಿ ವಿಚಾರದಲ್ಲಿ ಮುಂಬಯಿಯ ಕನ್ನಡ-ತುಳು ಸಮಾಜಕ್ಕೆ ಒಂದು ವಿಶೇಷವಾದ ಹಕ್ಕಿನ ಭಾವನೆ ಮೊದಲಿನಿಂದಲೂ ಇದೆ. ಹುಟ್ಟಿದ್ದು ಮಂಗಳೂರಿನಲ್ಲಿ, ಬೆಳೆದದ್ದು ಇಲ್ಲಿಯ ಚೆಂಬೂರಿನಲ್ಲಿ, ಮನೆಮಾತು ತುಳು. ‘ಪ್ರೀತ್ಸೋದ್ ತಪ್ಪಾ’ (1998), ‘ಆಟೋ ಶಂಕರ್’ (2005) ಮೊದಲಾದ ಕನ್ನಡ ಚಿತ್ರಗಳಲ್ಲಿಯೂ ಕಾಣಿಸಿಕೊಂಡವರು. 2007ರ ಜನವರಿಯಲ್ಲಿ ಬ್ರಿಟನ್ನಿನ ‘ಸೆಲೆಬ್ರಿಟಿ ಬಿಗ್ ಬ್ರದರ್’ ಕಾರ್ಯಕ್ರಮದಲ್ಲಿ ಜನಾಂಗೀಯ ನಿಂದನೆಯನ್ನು ಸಹಿಸಿಕೊಂಡು ಗೆದ್ದಾಗ, ಮುಲುಂಡ್ ನಿಲ್ದಾಣದ ಹತ್ತಿರ ನಾನು ಚಹಾ ಕುಡಿಯುತ್ತಿದ್ದ ಉಡುಪಿ ಹೋಟೆಲಿನ ಧಣಿಗಳು ಗಿರಾಕಿಗಳಿಗೆಲ್ಲ ಪೇಢೆ ಹಂಚಿದ್ದು ನನಗೆ ನೆನಪಿದೆ. “ನಮ್ಮ ಊರಿನ ಮಗಳು” ಎಂದಿದ್ದರು. ಅದಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಏಪ್ರಿಲ್ 15ರಂದು ದೆಹಲಿಯಲ್ಲಿ ಟ್ರಕ್ ಚಾಲಕರಿಗಾಗಿ ಏರ್ಪಡಿಸಿದ್ದ ಏಡ್ಸ್ ಜಾಗೃತಿ ಸಭೆಯ ವೇದಿಕೆಯಲ್ಲಿ ಹಾಲಿವುಡ್ ನಟ ರಿಚರ್ಡ್ ಗೇರ್ ಆಕೆಯನ್ನು ಬರಸೆಳೆದು ಚುಂಬಿಸಿದರು. ಉತ್ತರದ ಹಲವು ಊರುಗಳಲ್ಲಿ ಪ್ರತಿಕೃತಿಗಳು ಸುಟ್ಟುಹೋದವು. ಜೈಪುರದ ನ್ಯಾಯಾಲಯವೊಂದು ಬಂಧನದ ಆದೇಶ ಹೊರಡಿಸಿತು. ಹೋಟೆಲಿನ ಅದೇ ಗಲ್ಲಾಪೆಟ್ಟಿಗೆಯ ಬಳಿ ಆಗ ಕೇಳಿದ ಮಾತು: “ಅವಳಾದರೂ ತಳ್ಳಬಹುದಿತ್ತಲ್ಲ?” ‘ನಮ್ಮ ಊರಿನ ಮಗಳು’ ಎಂಬುದು ‘ಅವಳು’ ಆಗಲು ಹಿಡಿದ ಕಾಲ ಮೂರು ತಿಂಗಳು. ಆ ಪ್ರಕರಣದಲ್ಲಿ ಆಕೆಯೇ ಸಂತ್ರಸ್ತೆಯೆಂದು ಕಾಣುತ್ತದೆ ಎಂದು ಹೇಳಿ ಮುಂಬಯಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಆಕೆಯನ್ನು ಆರೋಪದಿಂದ ಬಿಡುಗಡೆ ಮಾಡಿದ್ದು 2022ರ ಜನವರಿಯಲ್ಲಿ, ಎಂದರೆ ಹದಿನೈದು ವರ್ಷಗಳ ತರುವಾಯ. ಆ ಸುದ್ದಿಗೆ ಯಾರೂ ಪೇಢೆ ಹಂಚಿದಂತೆ ಕಾಣಲಿಲ್ಲ.

ಮತ್ತೆ 2021ಕ್ಕೆ ಬರೋಣ. ಬಂಧನವಾದ ಕೂಡಲೇ ದೂರದರ್ಶನ ವಾಹಿನಿಗಳಲ್ಲಿಯೂ ಮೊಬೈಲ್ ಪರದೆಗಳಲ್ಲಿಯೂ ಆಕೆಯ ಮದುವೆ, ಮಕ್ಕಳು, ಯೋಗಾಭ್ಯಾಸ, ಉಡುಗೆ, ತಾಯ್ತನ ಎಲ್ಲವೂ ಚರ್ಚೆಗೆ ಬಂದವು. ಆಕೆ ನೃತ್ಯಸ್ಪರ್ಧೆಯ ತೀರ್ಪುಗಾರ್ತಿಯ ಕುರ್ಚಿಯಿಂದ ಕೆಲವು ವಾರ ದೂರ ಉಳಿದರು. ಮಾನನಷ್ಟದ ದಾವೆ ಹೂಡಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು ಮಾಧ್ಯಮಗಳ ಬಾಯಿಗೆ ಸಾರಾಸಗಟಾಗಿ ಬೀಗ ಹಾಕಲು ಒಪ್ಪಲಿಲ್ಲ. ಪತ್ರಿಕಾ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ನಿಲುವೇ. ಆದರೆ ಆಕೆಯ ನಡತೆಯನ್ನೂ ಮಕ್ಕಳನ್ನು ಬೆಳೆಸುವ ರೀತಿಯನ್ನೂ ಕೆದಕಿದ ಕೆಲವು ವಿಡಿಯೊಗಳನ್ನು ತೆಗೆಯಬೇಕಾಯಿತು. ಕುಂದ್ರಾ ಅವರಿಗೆ ಸೆಪ್ಟೆಂಬರಿನಲ್ಲಿ ಜಾಮೀನು ದೊರೆಯಿತು. ಅವರು ಆರೋಪಗಳನ್ನು ನಿರಾಕರಿಸುತ್ತಲೇ ಬಂದಿದ್ದಾರೆ. ಪೊಲೀಸರ ಆರೋಪಪಟ್ಟಿಯಲ್ಲಿ ಶಿಲ್ಪಾ ಶೆಟ್ಟಿ ಕಾಣಿಸಿಕೊಂಡದ್ದು ಆರೋಪಿಯಾಗಿ ಅಲ್ಲ, ಸಾಕ್ಷಿಯಾಗಿ. ಲಸಿಕೆಯ ಸಾಲಿನ ವಾಕ್ಯವನ್ನು ಪೊಲೀಸರೂ ಕೇಳಿರಲೇಬೇಕು. ವ್ಯತ್ಯಾಸವಿಷ್ಟೆ: ಅವರು ಅದನ್ನು ಪ್ರಶ್ನೆಯಾಗಿ ಕೇಳಿ, ಉತ್ತರವನ್ನು ಬರೆದುಕೊಂಡರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜನ ಮಾತಾಡಲೇಬಾರದೆಂಬುದು ನನ್ನ ವಾದವಲ್ಲ. ತಾರಾದಂಪತಿ ಎಂಬುದು ಖಾಸಗಿ ಸಂಸಾರವಷ್ಟೇ ಅಲ್ಲ, ಮಾರುಕಟ್ಟೆಯ ಸರಕೂ ಹೌದು. ಮದುವೆಯ ಚಿತ್ರಗಳು, ಹಬ್ಬದ ಪೂಜೆ, ಮಗುವಿನ ನಾಮಕರಣ ಎಲ್ಲವನ್ನೂ ಜನರ ಕಣ್ಣಮುಂದೆ ಹರವಿ, ಆ ಕಣ್ಣುಗಳನ್ನೇ ಜಾಹೀರಾತುದಾರರಿಗೆ ಮಾರುವ ವ್ಯವಹಾರವದು. ಕೊಂಡ ಸರಕು ಹುಳುಕೆಂದು ತಿಳಿದಾಗ ಗಿರಾಕಿ ಕೂಗಾಡುವುದರಲ್ಲಿ ಅಸಹಜವೇನಿಲ್ಲ. ಸಾರ್ವಜನಿಕ ಜೀವನದಲ್ಲಿರುವವರ ಹಣದ ಮೂಲ, ಪಾಲುದಾರಿಕೆ, ಪ್ರಭಾವದ ಬಳಕೆ ಇವನ್ನೆಲ್ಲ ಪ್ರಶ್ನಿಸುವುದು ಪ್ರಜಾಪ್ರಭುತ್ವದ ಲಕ್ಷಣವೇ. ನನ್ನನ್ನು ಕಾಡುವುದು ಆ ಕೋಪದ ಹಂಚಿಕೆ. ದಂಪತಿ ಎಂಬ ಪದದಲ್ಲಿ ಇಬ್ಬರಿದ್ದಾರೆ. ಲೋಕಾಪವಾದದ ಪಾಲು ಮಾತ್ರ ಇಬ್ಬರಿಗೂ ಸಮವಾಗಿ ಹೋಗುವುದಿಲ್ಲ. ಗಂಡಿನ ಮೇಲೆ ಆರೋಪ ಬಂದರೂ ಹೆಣ್ಣಿಗೆ ಪಾಲು, ಹೆಣ್ಣಿನ ಮೇಲೆ ಬಂದರೂ ಹೆಣ್ಣಿಗೆ ಪಾಲು.

ಇದು ಉತ್ಪ್ರೇಕ್ಷೆಯೆನಿಸಿದರೆ ಕನ್ನಡ ನಾಡಿನಲ್ಲೇ ನಡೆದದ್ದನ್ನು ನೋಡಬಹುದು. 2011ರ ಸೆಪ್ಟೆಂಬರ್ 9ರಂದು ನಟ ದರ್ಶನ್ ಅವರು ಪತ್ನಿ ವಿಜಯಲಕ್ಷ್ಮಿಯವರ ದೂರಿನ ಮೇರೆಗೆ ಹಲ್ಲೆಯ ಆರೋಪದಲ್ಲಿ ಬೆಂಗಳೂರಿನಲ್ಲಿ ಬಂಧಿತರಾದರು. ದೂರು ಕೊಟ್ಟ ಪತ್ನಿ ಆಸ್ಪತ್ರೆಯಲ್ಲಿದ್ದರು. ನಂತರ ಅವರು ದೂರಿನಿಂದ ಹಿಂದೆ ಸರಿದರು. ಜಾರಿ ಬಿದ್ದು ಗಾಯವಾಯಿತೆಂಬ ಹೇಳಿಕೆ ಪತ್ರಿಕೆಗಳಲ್ಲಿ ಬಂತು. ಅಭಿಮಾನಿಗಳು ಬೀದಿಗಿಳಿದರು, ಪತ್ನಿಯ ಪರವಾಗಿ ಅಲ್ಲ. ಕನ್ನಡ ಚಲನಚಿತ್ರ ನಿರ್ಮಾಪಕರ ಸಂಘ ತೀರ್ಮಾನವೊಂದನ್ನು ಕೈಗೊಂಡಿತು: ಮೂರು ವರ್ಷಗಳ ನಿಷೇಧ. ಯಾರಿಗೆ? ಬಂಧಿತ ನಟನಿಗಲ್ಲ, ಆ ಸಂಸಾರ ಕೆಡಲು ಕಾರಣಳೆಂದು ಹೆಸರು ಕೇಳಿಬಂದಿದ್ದ ನಟಿ ನಿಖಿತಾ ತುಕ್ರಾಲ್ ಅವರಿಗೆ. ಆಕೆಯನ್ನು ಕರೆದು ವಿವರಣೆ ಕೇಳುವ ಸೌಜನ್ಯವೂ ಅಲ್ಲಿ ಕಾಣಲಿಲ್ಲ. ಮಹಿಳಾ ಸಂಘಟನೆಗಳಿಂದ, ಚಿತ್ರರಂಗದ ಒಳಗಿನಿಂದಲೂ ವಿರೋಧ ಬಂದ ಮೇಲೆ ನಿಷೇಧ ಕೆಲವೇ ದಿನಗಳಲ್ಲಿ ತೆರವಾಯಿತೆಂಬುದು ನಿಜ. ಆದರೆ ಕೈಗೊಂಡ ಮೊದಲ ತೀರ್ಮಾನವೇ ಮನಸ್ಸಿನ ನಿಜವಾದ ಕನ್ನಡಿ. ಸೆಪ್ಟೆಂಬರ್ 30ರಂದು, ನಾಯಕನಟ ಇನ್ನೂ ನ್ಯಾಯಾಂಗ ಬಂಧನದಲ್ಲಿರುವಾಗಲೇ, ‘ಸಾರಥಿ’ ತೆರೆಕಂಡು ಆ ವರ್ಷದ ದೊಡ್ಡ ಯಶಸ್ಸುಗಳಲ್ಲಿ ಒಂದಾಯಿತು. ಚಿತ್ರಮಂದಿರದ ಮುಂದಿನ ಕಟೌಟಿಗೆ ಹಾಲೆರೆದವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಅಕ್ಕತಂಗಿಯರಿರುವವರೇ.

ಈ ಸಂದರ್ಭದಲ್ಲಿ ನನ್ನದೊಂದು ತಪ್ಪನ್ನು ಬರೆಯದೆ ಮುಂದುವರಿದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಆ ಸೆಪ್ಟೆಂಬರಿನ ಒಂದು ಭಾನುವಾರ ನಮ್ಮ ಬಡಾವಣೆಯ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಗಾದೆಗಳನ್ನು ಕುರಿತು ಉಪನ್ಯಾಸ ಕೊಡಲು ಹೋಗಿದ್ದೆ. ಚಹಾದ ಹೊತ್ತಿಗೆ ಮಾತು ದರ್ಶನ್ ಪ್ರಕರಣಕ್ಕೆ ಬಂತು. ಯಾರೋ ನನ್ನ ಅಭಿಪ್ರಾಯ ಕೇಳಿದರು. ನಾನು ಉಪನ್ಯಾಸದ ಹುಮ್ಮಸ್ಸಿನಲ್ಲಿಯೇ, “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದೆ. ಎಲ್ಲರೂ ನಕ್ಕರು. ಗಾದೆ ಸಮಯಕ್ಕೆ ಸರಿಯಾಗಿ ಬಂತೆಂದು ಹಿರಿಯರೊಬ್ಬರು ಬೆನ್ನು ತಟ್ಟಿದರು. ತಟ್ಟೆಯಲ್ಲಿ ಚಹಾ ತಂದುಕೊಟ್ಟ ಗೃಹಿಣಿಯೊಬ್ಬರು ಕೆಲವು ವರ್ಷಗಳ ನಂತರ ಗಂಡನ ಮನೆ ಬಿಟ್ಟು ಊರಿಗೆ ಹೋದರು. ಮದುವೆಯಾದ ಮೊದಲ ವರ್ಷದಿಂದಲೂ ಏಟು ತಿನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ದಿನ ಆಕೆ ನಗಲಿಲ್ಲವೆಂದು ನನ್ನ ನೆನಪು ಹೇಳುತ್ತದೆ. ಅದು ನಿಜವಾದ ನೆನಪೋ, ವಿಷಯ ತಿಳಿದ ಮೇಲೆ ನಾನೇ ಹಚ್ಚಿಕೊಂಡ ಬಣ್ಣವೋ ಖಚಿತವಾಗಿ ಹೇಳಲಾರೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಆಸ್ಪತ್ರೆ ಸೇರುವಷ್ಟು ಪೆಟ್ಟಾದ ಪ್ರಸಂಗಕ್ಕೆ ‘ಜಗಳ’ ಎಂಬ ಹೆಸರು ಕೊಟ್ಟವನು ನಾನು. ಜಗಳಕ್ಕೆ ಇಬ್ಬರು ಬೇಕು, ಏಟಿಗೆ ಒಬ್ಬ ಸಾಕು. ಪದಗಳ ಅರ್ಥಚ್ಛಾಯೆಯನ್ನು ವರ್ಷಗಟ್ಟಲೆ ಪಾಠ ಮಾಡಿದವನಿಗೆ ಅದು ಹೊಳೆಯಲಿಲ್ಲ. ನಟದಂಪತಿಗಳ ಬಗ್ಗೆ ನಾವು ಆಡುವ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ. ಅದು ಬೀಳುವುದು ಚಹಾ ತಂದುಕೊಡುವವರ ಕಿವಿಗೆ. ದೂರು ಕೊಟ್ಟರೆ ಊರು ಏನೆನ್ನುತ್ತದೆಂಬುದನ್ನು ಆಕೆ ನನ್ನಂಥವನ ಬಾಯಿಯಿಂದ ಮುಂಚಿತವಾಗಿಯೇ ತಿಳಿದುಕೊಂಡಿರುತ್ತಾರೆ.

2024ರ ಪ್ರಕರಣ ಇದಕ್ಕಿಂತ ಘೋರವಾದದ್ದು. ಚಿತ್ರದುರ್ಗದ ರೇಣುಕಾಸ್ವಾಮಿ ಎಂಬ ಯುವಕನ ಶವ ಜೂನ್ 9ರಂದು ಬೆಂಗಳೂರಿನಲ್ಲಿ ಸಿಕ್ಕಿತು. ಆತ ನಟಿ ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶಗಳನ್ನು ಕಳುಹಿಸಿದ್ದನೆಂಬ ಕಾರಣಕ್ಕೆ ಅಪಹರಿಸಿ ಹಿಂಸಿಸಿ ಕೊಲ್ಲಲಾಯಿತೆಂಬುದು ಪೊಲೀಸರ ಆರೋಪ. 11ರಂದು ದರ್ಶನ್, ಪವಿತ್ರಾ ಗೌಡ ಮತ್ತಿತರರು ಬಂಧಿತರಾದರು. ಪವಿತ್ರಾ ಮೊದಲ ಆರೋಪಿ, ದರ್ಶನ್ ಎರಡನೆಯವರು. ಉಚ್ಚ ನ್ಯಾಯಾಲಯ ಡಿಸೆಂಬರಿನಲ್ಲಿ ಕೊಟ್ಟ ಜಾಮೀನನ್ನು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 14ರಂದು ರದ್ದುಗೊಳಿಸಿತು. ಯಾರು ಏನು ಮಾಡಿದರೆಂಬುದನ್ನು ನಿರ್ಧರಿಸುವುದು ನ್ಯಾಯಾಲಯದ ಕೆಲಸ. ಅದರಲ್ಲಿ ನನ್ನಂಥವರ ಅಭಿಪ್ರಾಯಕ್ಕೆ ಜಾಗವಿಲ್ಲ. ಜನ ಏನೆಂದರೆಂಬುದು ಮಾತ್ರ ನಮ್ಮ ಅಧ್ಯಯನದ ವಸ್ತು.

ಆ ದಿನಗಳಲ್ಲಿ ಊರೆಲ್ಲ ಚರ್ಚಿಸಿದ ಪ್ರಶ್ನೆ ‘ಕೊಂದವರು ಯಾರು?’ ಎಂಬುದಲ್ಲ, ‘ಹೆಂಡತಿ ಯಾರು?’ ಎಂಬುದು. ಪವಿತ್ರಾ ಅವರನ್ನು ದರ್ಶನ್ ಪತ್ನಿಯೆಂದು ಅಧಿಕಾರಸ್ಥಾನದಲ್ಲಿದ್ದವರೇ ಕರೆದದ್ದರಿಂದ, ಕಾನೂನುಬದ್ಧ ಪತ್ನಿ ತಾನೊಬ್ಬಳೇ ಎಂದು ದಾಖಲಿಸಿಕೊಳ್ಳುವಂತೆ ವಿಜಯಲಕ್ಷ್ಮಿಯವರು ಬೆಂಗಳೂರಿನ ಪೊಲೀಸ್ ಆಯುಕ್ತರಿಗೆ ಪತ್ರ ಬರೆಯಬೇಕಾಯಿತು. 2011ರಲ್ಲಿ ‘ಗಂಡನನ್ನು ಜೈಲಿಗೆ ಕಳಿಸಿದವಳು’ ಎನಿಸಿಕೊಂಡವರು ಈಗ ‘ಅತ್ತಿಗೆ’ಯಾದರು, ಮಹಾಸಾಧ್ವಿಯಾದರು. ಅವರ ಹೊಗಳಿಕೆಯನ್ನು ಕೇಳುವಾಗ ನನಗೆ ತೆಗಳಿಕೆಯಷ್ಟೇ ಭಯವಾಯಿತು. ಸಹಿಸಿಕೊಂಡವಳಿಗೆ ಮಾತ್ರ ಸಿಗುವ ಪದವಿ ಅದು. ಎರಡು ತೂಕದ ಬಟ್ಟುಗಳೂ ಒಂದೇ ತಕ್ಕಡಿಗೆ ಸೇರಿದವು. ಇನ್ನೊಬ್ಬಾಕೆಗೆ ಸಂದ ವಿಶೇಷಣಗಳನ್ನು ಈ ಸಂಪುಟದಲ್ಲಿ ಅಚ್ಚು ಹಾಕಲಾಗದು. ಎಷ್ಟೋ ಜನರ ಬಾಯಲ್ಲಿ ಕೊಲೆಯ ಆರೋಪಕ್ಕಿಂತ ಆಕೆಯ ಸಂಬಂಧವೇ ದೊಡ್ಡ ಅಪರಾಧವಾಗಿತ್ತು; ‘ಅವಳಿಂದಲೇ ಅವನು ಕೆಟ್ಟ’ ಎಂಬ ವಾಕ್ಯದಲ್ಲಿ ನಾಯಕ ಮತ್ತೆ ಅಮಾಯಕನಾದ. ಕೆಡುವುದು ಅಕರ್ಮಕ ಕ್ರಿಯಾಪದ ಎಂಬುದು ಎಷ್ಟು ಅನುಕೂಲ ನೋಡಿ! ಕೆಟ್ಟವನು ಏನನ್ನೂ ಮಾಡಬೇಕಾಗಿಯೇ ಇಲ್ಲ.

ಈ ನಡುವೆ ಸೆರೆಮನೆಯಲ್ಲಿ ನಟನಿಗೆ ಕೊಟ್ಟ 6106 ಎಂಬ ವಿಚಾರಣಾಧೀನ ಕೈದಿ ಸಂಖ್ಯೆ ಅಭಿಮಾನಿಗಳ ವಾಹನಗಳ ಮೇಲೆ, ತೋಳಿನ ಹಚ್ಚೆಯಲ್ಲಿ ಕಾಣಿಸಿಕೊಂಡಿತು. ಹಸುಗೂಸಿಗೆ ಕೈದಿಯ ಉಡುಪು ತೊಡಿಸಿ ಆ ಸಂಖ್ಯೆಯೊಡನೆ ಚಿತ್ರ ತೆಗೆಸಿದವರೂ ಇದ್ದರು. 2025ರ ಜುಲೈನಲ್ಲಿ ಸತ್ತವನ ಕುಟುಂಬಕ್ಕೆ ನ್ಯಾಯ ಸಿಗಲೆಂಬ ಅರ್ಥದ ಮಾತಾಡಿದ ನಟಿ, ಮಾಜಿ ಸಂಸದೆ ರಮ್ಯಾ ಅವರಿಗೆ ಬಂದ ಬೆದರಿಕೆಗಳು ಎಂಥವೆಂದರೆ ಅವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಕೆಲವರ ಬಂಧನವೂ ಆಯಿತು. ಒಬ್ಬ ಹೆಣ್ಣಿಗೆ ಅಶ್ಲೀಲ ಸಂದೇಶ ಕಳಿಸಿದನೆಂಬ ಕಾರಣಕ್ಕೆ ಒಬ್ಬನ ಜೀವ ಹೋಯಿತೆನ್ನುವ ಪ್ರಕರಣದಲ್ಲಿ, ನಾಯಕನ ಮೇಲಿನ ಪ್ರೀತಿಗಾಗಿ ಇನ್ನೊಬ್ಬ ಹೆಣ್ಣಿಗೆ ಅಂಥವೇ ಸಂದೇಶಗಳು ಹೋದವು. ಇದರ ವೈಪರೀತ್ಯ ಕಳಿಸಿದವರಿಗೆ ಹೊಳೆದಂತೆ ಕಾಣುವುದಿಲ್ಲ.

ಇದಕ್ಕೆಲ್ಲ ವಾಹಿನಿಗಳೂ ಮೊಬೈಲುಗಳೂ ಕಾರಣವೆಂದು ನಮ್ಮ ಪೀಳಿಗೆಯವರು ಬೇಗ ಹೇಳಿಬಿಡುತ್ತೇವೆ. ಅವು ಮಾತಿಗೆ ವೇಗ ಕೊಟ್ಟಿರಬಹುದು. ಮಾತಿನ ಸ್ವಭಾವ ಹಳೆಯದೇ. ಇದೇ ಮುಂಬಯಿಯಲ್ಲಿ 1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ತನ್ನ ಪತ್ನಿ ಸಿಲ್ವಿಯಾಳ ಪ್ರಿಯಕರನಾಗಿದ್ದ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ. ಆಗ ಈ ನಗರದಲ್ಲಿ ದೂರದರ್ಶನವಿರಲಿಲ್ಲ. ಆದರೂ ನ್ಯಾಯಾಲಯದ ಮುಂದೆ ಜನಜಂಗುಳಿ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆ ಕಮಾಂಡರನನ್ನು ಮರ್ಯಾದಾ ಪುರುಷೋತ್ತಮನಂತೆ ಚಿತ್ರಿಸಿತು. ಬೀದಿಯಲ್ಲಿ ನಾನಾವತಿಯ ಹೆಸರಿನ ಆಟಿಕೆ ರಿವಾಲ್ವರುಗಳು ಮಾರಾಟವಾದುವೆಂದು ಹೇಳುತ್ತಾರೆ. ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿಯೆಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳಿಸಿದರು; ಅಲ್ಲಿ ಜೀವಾವಧಿ ಶಿಕ್ಷೆಯಾಯಿತು; 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು; 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತರಿಂದ ಕ್ಷಮಾದಾನವಾಯಿತು. ದಂಪತಿಗಳು ಮಕ್ಕಳೊಂದಿಗೆ ಕೆನಡಾಕ್ಕೆ ಹೋಗಿ ಅಲ್ಲಿ ಸದ್ದಿಲ್ಲದೆ ಬದುಕಿದರು. ಈ ಪ್ರಕರಣವನ್ನು ಆಧರಿಸಿ ಚಲನಚಿತ್ರಗಳು ಬಂದಿವೆ, ಪುಸ್ತಕಗಳು ಬಂದಿವೆ. ಕಮಾಂಡರನ ಸಮವಸ್ತ್ರ, ನಿಲುವು, ಮಾತು ಎಲ್ಲಕ್ಕೂ ಅವುಗಳಲ್ಲಿ ಜಾಗವಿದೆ. ಜನರ ನೆನಪಿನಲ್ಲಿ ಸಿಲ್ವಿಯಾ ಉಳಿದಿರುವುದು ತಪ್ಪೊಪ್ಪಿಕೊಂಡ ಹೆಂಡತಿಯಾಗಿ ಮಾತ್ರ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಕಾವ್ಯಗಳೇ ಇವೆ. ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯನ್ನು ಕುರಿತು ನಮ್ಮ ವಿಮರ್ಶೆ ಹಲವು ದಶಕ ಏನೆಂದಿತು, ಅನಂತರ ಹೇಗೆ ಬದಲಾಯಿತು ಎಂಬುದೇ ಪ್ರತ್ಯೇಕ ಲೇಖನಕ್ಕೆ ವಸ್ತು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಸೀತಾಪರಿತ್ಯಾಗವನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಅಗಸನೊಬ್ಬ ತನ್ನ ಮನೆಯ ವ್ಯಾಜ್ಯದಲ್ಲಿ ಆಡಿದ ಮಾತು ಚಾರನ ಮೂಲಕ ಅರಸನ ಕಿವಿಗೆ ಬೀಳುತ್ತದೆ. ಲೋಕಾಪವಾದ ಎಂದು ನಾವು ಕರೆಯುವ ಆ ಭಯಂಕರ ಶಕ್ತಿ ಈ ಕಥೆಯಲ್ಲಿ ನಿಜವಾಗಿ ಎಷ್ಟು ಜನ? ಆಡಿದವನು ಒಬ್ಬ, ತಂದವನು ಒಬ್ಬ. ಆ ಒಬ್ಬನ ಮಾತನ್ನು ‘ಲೋಕ’ವೆಂದು ಭಾವಿಸಿದವನು ರಾಜ. (ಆಡಿದವನು ಅಗಸನೇ ಆಗಬೇಕಾಯಿತೆಂಬುದೂ ಆಲೋಚಿಸತಕ್ಕದ್ದು, ಅರಮನೆಯ ನಿರ್ಧಾರದ ಅಪಕೀರ್ತಿ ಶತಮಾನಗಳ ಕಾಲ ಒಂದು ಕಸುಬಿನವರ ತಲೆಗೆ ಬಿತ್ತು.) ಗರ್ಭಿಣಿಯಾದ ಸೀತೆಗೆ ಯಾರೂ ಏನನ್ನೂ ಕೇಳಲಿಲ್ಲ, ಆಕೆಗೆ ವಿಷಯ ತಿಳಿದದ್ದು ಕಾಡಿನಲ್ಲಿ, ಮೈದುನನ ಬಾಯಿಂದ. ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ ಕಾವ್ಯದಲ್ಲಿ ಅಗ್ನಿಪರೀಕ್ಷೆಯ ಸಂದರ್ಭವನ್ನು ಬದಲಾಯಿಸಿ ಸೀತೆಯೊಂದಿಗೆ ರಾಮನೂ ಬೆಂಕಿಯನ್ನು ಪ್ರವೇಶಿಸುವಂತೆ ಮಾಡಿದ್ದನ್ನು ನಾವು ದರ್ಶನದ ಭಾಷೆಯಲ್ಲಿ, ಅಲೌಕಿಕದ ಭಾಷೆಯಲ್ಲಿ ವಿವರಿಸುತ್ತ ಬಂದಿದ್ದೇವೆ. ಅದಕ್ಕೊಂದು ತೀರಾ ಲೌಕಿಕವಾದ ಅರ್ಥವೂ ಇದೆ: ಪರೀಕ್ಷೆ ದಂಪತಿಗೆ ಎಂದಾದರೆ ಬೆಂಕಿ ಇಬ್ಬರಿಗೂ ಇರಲಿ. ಆ ಕಾವ್ಯ ಬಂದು ಮುಕ್ಕಾಲು ಶತಮಾನ ಕಳೆದರೂ ನಮ್ಮ ಜಗಲಿಯ ಮಾತು ಇನ್ನೂ ಲಕ್ಷ್ಮೀಶನ ಚಾರನಲ್ಲಿಯೇ ನಿಂತಿದೆ.

ಭಾಷೆಯ ಅಧ್ಯಾಪಕನಾಗಿ ನನಗೆ ಹೆಚ್ಚು ಸಂಬಂಧಿಸಿದ ಸಂಗತಿ ಇನ್ನೊಂದಿದೆ. ಕನ್ನಡದಲ್ಲಿ ‘ಅಂತೆ’ ಎಂಬ ಸಣ್ಣ ಪದವಿದೆ. ‘ಅವನು ಬಂದ’ ಎನ್ನುವುದಕ್ಕೂ ‘ಅವನು ಬಂದನಂತೆ’ ಎನ್ನುವುದಕ್ಕೂ ಇರುವ ಅಂತರವನ್ನು ನಮ್ಮ ಮಕ್ಕಳೂ ಬಲ್ಲರು: ಮೊದಲನೆಯದು ಕಂಡ ಮಾತು, ಎರಡನೆಯದು ಕೇಳಿದ ಮಾತು. ಇಷ್ಟು ಸುಲಭವಾಗಿ, ಒಂದೇ ಉಸಿರಿನಲ್ಲಿ ಮಾತಿನ ಮೂಲವನ್ನು ಒಪ್ಪಿಕೊಳ್ಳುವ ಸೌಲಭ್ಯ ಎಲ್ಲ ಭಾಷೆಗಳಿಗೂ ಇಲ್ಲ. ವಾಹಿನಿಗಳ ಕನ್ನಡ ಈ ಪದವನ್ನು ಕೈಬಿಟ್ಟಿದೆ. ಆರೋಪಿ ಎನ್ನಬೇಕಾದಲ್ಲಿ ಹಂತಕ, ದೂರು ಎನ್ನಬೇಕಾದಲ್ಲಿ ಬಣ್ಣ ಬಯಲು, ‘ಹೇಳಲಾಗಿದೆ’ ಎನ್ನಬೇಕಾದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ. ದಿಟವಾಗಿ ‘ಅಂತೆ’ ಇರಬೇಕಾದ ಜಾಗದಲ್ಲೆಲ್ಲ ಈಗ ಕಂಡವರ ಕ್ರಿಯಾಪದಗಳಿವೆ. ಈ ವಿಚಾರವನ್ನು ನಾನು ಎಂ.ಎ. ತರಗತಿಯಲ್ಲಿ ತುಸು ಹೆಮ್ಮೆಯಿಂದಲೇ ಹೇಳಿ, ಕೆಲವು ಸುದ್ದಿಯ ತಲೆಬರಹಗಳನ್ನು ‘ಅಂತೆ’ ಸೇರಿಸಿ ಮತ್ತೆ ಬರೆಯುವಂತೆ ವಿದ್ಯಾರ್ಥಿಗಳಿಗೆ ಸೂಚಿಸಿದೆ.

ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ‘ಅಂತೆ’ ಅಂತ ಹೇಳಿಯೇ ಅಲ್ವಾ ಎಲ್ಲ ಹಾಳು ಮಾಡೋದು? ನಮ್ಮ ಚಾಳಿನಲ್ಲಿ ಅಕ್ಕನ ಮದುವೆ ನಿಂತದ್ದು ‘ಅಂತೆ’ಯಿಂದಲೇ” ಎಂದಳು. ತರಗತಿ ಸ್ತಬ್ಧವಾಯಿತು. ಅವಳ ಮಾತು ಸರಿಯಾಗಿತ್ತು. ವಾಹಿನಿ ‘ಅಂತೆ’ಯನ್ನು ಬಿಟ್ಟು ಕೆಡಿಸುತ್ತದೆ, ಚಾಳು ‘ಅಂತೆ’ಯನ್ನು ಹಿಡಿದು ಕೆಡಿಸುತ್ತದೆ. ಕೇಳಿದ್ದು ಎಂದು ಒಪ್ಪಿಕೊಂಡವನಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಪರವಾನಗಿಯೂ ಸಿಕ್ಕಿಬಿಡುತ್ತದೆ. ಮಾತು ತನ್ನದಲ್ಲ, ಆದ್ದರಿಂದ ಹೊಣೆಯೂ ತನ್ನದಲ್ಲ. ನನ್ನ ವ್ಯಾಕರಣದ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಅಂದಿನಿಂದ ‘ಅಂತೆ’ಯನ್ನು ಪ್ರಾಮಾಣಿಕತೆಯ ಗುರುತೆಂದು ಪಾಠ ಮಾಡುವುದನ್ನು ಬಿಟ್ಟಿದ್ದೇನೆ, ಅದೊಂದು ಸಾಧ್ಯತೆ ಎಂದಷ್ಟೇ ಹೇಳುತ್ತೇನೆ.

ಲಸಿಕೆಯ ಸಾಲಿನ ಪ್ರಸಂಗವನ್ನು ಅರ್ಧಕ್ಕೇ ಬಿಟ್ಟಿದ್ದೆ. ಕಿರಿಯಾಕೆ ಹಾಗೆಂದ ಮೇಲೆ ಹಿರಿಯಾಕೆ ಹಿಂದಿರುಗಿ ನೋಡಿ, ಗುರುತು ಹಿಡಿದು, “ಸರ್ ಇದ್ದಾರಲ್ಲ, ಅವರೇ ಹೇಳಲಿ. ಅವಳಿಗೆ ಗೊತ್ತಿರಲಿಕ್ಕಿಲ್ಲ ಅಲ್ವಾ ಸರ್?” ಎಂದು ಕೇಳಿದ್ದರು. ಸಾಲಿನಲ್ಲಿದ್ದ ಅಷ್ಟೂ ಜನರಲ್ಲಿ ಆ ಹೆಣ್ಣುಮಗಳ ಪರವಾಗಿ ಒಂದು ಮಾತಿನ ಆಸರೆ ಹುಡುಕಿದವರು ಅವರೊಬ್ಬರೇ. 2011ರ ಗಾದೆಯ ನಂತರ ಎಚ್ಚರ ಕಲಿತಿದ್ದೇನೆಂದು ನಂಬಿದ್ದ ನಾನು, ಎರಡೂ ಕಡೆಯವರಿಗೆ ಬೇಸರವಾಗದಿರಲೆಂದು, “ಇರಬಹುದು” ಎಂದೆ. ಏನು ಇರಬಹುದು, ಗೊತ್ತಿರಬಹುದೋ ಗೊತ್ತಿಲ್ಲದಿರಬಹುದೋ, ಅದನ್ನು ಹೇಳಲಿಲ್ಲ. ಕಿರಿಯಾಕೆ ಅದನ್ನು ತಮ್ಮ ಮಾತಿಗೆ ಸಮ್ಮತಿಯೆಂದು ತೆಗೆದುಕೊಂಡು, “ನೋಡಿ ಅಕ್ಕ, ಸರ್ ಕೂಡ ಹೇಳಿದರು” ಎಂದರು. ಹಿರಿಯಾಕೆ ಮತ್ತೆ ಆ ಮಾತು ಎತ್ತಲಿಲ್ಲ.